14 ಜನರ ವೈರ್‌ಲೆಸ್ ಕಂಪನಿ, 11 ಪಾರ್ಟ್ನರ್‌ಗಳ ಯುರೋಪಿಯನ್ ಪ್ರಾಜೆಕ್ಟು: ಸೇರ್ಬೇಕಾ ಬೇಡ್ವಾ?

ಪ್ರಶ್ನೆ: ನಮಸ್ಕಾರ ಸರ್. ನಾನು ದಾವಣಗೆರೆ ಕಡೆಯವಳು, ಆರು ವರ್ಷದಿಂದ ಜರ್ಮನಿಯ ಒಂದು ಚಿಕ್ಕ ವೈರ್‌ಲೆಸ್ ಕಂಪನಿಯಲ್ಲಿ ಫರ್ಮ್‌ವೇರ್, ಅಂದ್ರೆ ಉಪಕರಣದ ಒಳಗೆ ಓಡೋ ಸಾಫ್ಟ್‌ವೇರ್ ಬರೆಯೋ ಕೆಲಸ ಮಾಡ್ತಿದೀನಿ. ಒಟ್ಟು 14 ಜನ ಇದೀವಿ, ಅದ್ರಲ್ಲಿ ಮೂರು ಜನ ಬೆಂಗಳೂರಲ್ಲಿ ರಿಜಿಸ್ಟರ್ ಆಗಿರೋ ನಮ್ಮದೇ ಸಣ್ಣ ಆಫೀಸಲ್ಲಿ. ಬಂದರು, ಫ್ಯಾಕ್ಟರಿ ಯಾರ್ಡ್‌ಗಳಿಗೆ ಮೆಶ್ ರೇಡಿಯೋ, ಅಂದ್ರೆ ಒಂದರಿಂದ ಇನ್ನೊಂದಕ್ಕೆ ಡೇಟಾ ದಾಟಿಸೋ ರೇಡಿಯೋಗಳನ್ನ ಮಾಡಿ ಮಾರ್ತೀವಿ. ಈಗ ಒಂದು ಯುನಿವರ್ಸಿಟಿಯವ್ರು ಹೊರೈಜನ್ ಯುರೋಪ್ ಅನ್ನೋ ಯುರೋಪಿಯನ್ ಒಕ್ಕೂಟದ ಸಂಶೋಧನಾ ಗ್ರಾಂಟಿನ ಪ್ರಾಜೆಕ್ಟಿಗೆ ಕರೆದಿದಾರೆ. 11 ಪಾರ್ಟ್ನರು, ಆರು ದೇಶ, 36 ತಿಂಗಳು, ನಮ್ಮ ಪಾಲು ಸುಮಾರು 3 ಲಕ್ಷ ಯೂರೋ. ಅರ್ಜಿ ಹಾಕೋಕೆ ಇನ್ನು ಐದು ವಾರ ಇದೆ, ನಮ್ಮ ಬಾಸು "ನೀನೇ ನೋಡಿ ಹೇಳು" ಅಂತ ನನ್ ತಲೆಗೆ ಕಟ್ಟಿದಾರೆ. ಗೊತ್ತಿರೋರೊಬ್ರು ಹೇಳ್ತಾರೆ, ಚಿಕ್ಕ ಕಂಪನಿನ ಕೋಟಾ ತುಂಬೋಕೆ ಮಾತ್ರ ಕರೆಯೋದು, ದೊಡ್ಡ ಕಂಪನಿಗಳು ನಿಮ್ಮ ಟೆಕ್ನಾಲಜಿ ಎತ್ಕೊಂಡು ಹೋಗ್ತಾವೆ, ಮೂರು ವರ್ಷ ಬರೀ ರಿಪೋರ್ಟ್ ಬರೀತೀರಾ ಅಂತ. ಇನ್ನೊಬ್ರು, 100% ದುಡ್ಡು ಅವ್ರೇ ಕೊಡ್ತಾರೆ, ಬಿಡ್ಬೇಡಿ ಅಂತಾರೆ. ಪಾರ್ಟ್ನರ್ ಲಿಸ್ಟಲ್ಲಿ ನಮಗಿಂತ ಸಾವಿರ ಪಟ್ಟು ದೊಡ್ಡ ಟೆಲಿಕಾಂ ಕಂಪನಿನೂ ಇದೆ. ಬೆಂಗಳೂರು ಟೀಮಿನ ಕೆಲಸನೂ ಲೆಕ್ಕಕ್ಕೆ ಹಿಡೀಬಹುದಾ? ಏನ್ ಮಾಡ್ಲಿ?

ಉತ್ತರ:

ನಮಸ್ಕಾರ. ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆ ಇದ್ರೂ ಒಳಗಿರೋ ಚಿಂತೆ ಒಂದೇ ಅಂತ ಅನ್ನಿಸ್ತು, ದೊಡ್ಡೋರ ಮಧ್ಯೆ ಹೋಗಿ ಕೂತ್ರೆ ನಾವು ನಾವಾಗೇ ಉಳೀತೀವಾ ಇಲ್ಲಾ ಅವರ ಕೆಲಸಕ್ಕೆ ಕೈಯಾಳಾಗ್ತೀವಾ ಅಂತ. ಈ ಚಿಂತೆ ಸರಿಯಾದ್ದೇ. ನಾನೂ ನಿಮ್ಮ ತರಾನೇ ಒಂದು ಹನ್ನೆರಡು ಜನರ ರೇಡಿಯೋ ಕಂಪನಿಯಲ್ಲಿ ಎಂಜಿನಿಯರ್ ಆಗಿ ಈ ಪ್ರಾಜೆಕ್ಟುಗಳ ಒಳಗೆ ಕಾಲಿಟ್ಟೋನು, ಆಮೇಲೆ ಇಂಥ ಚಿಕ್ಕ ಕಂಪನಿಗಳಿಗೆ ಅರ್ಜಿ, ಒಪ್ಪಂದ, ಲೆಕ್ಕದ ವಿಷಯದಲ್ಲಿ ಸಲಹೆ ಕೊಡೋದೇ ಕೆಲಸ ಆಯ್ತು, ಹಂಗಾಗಿ ಒಳ್ಳೇದೂ ನೋಡಿದೀನಿ ಕೆಟ್ಟದ್ದೂ ನೋಡಿದೀನಿ.

ಮೊದ್ಲು ಕೋಟಾ ಮಾತು. ಇದು ಪೂರ್ತಿ ಸುಳ್ಳಲ್ಲ. ಹಿಂದಿನ ಹೊರೈಜನ್ 2020ರಲ್ಲಿ, ಅಂದ್ರೆ 2014ರಿಂದ 2020ರವರೆಗೆ, ಕೆಲವು ವಿಭಾಗಗಳ ಬಜೆಟ್ಟಲ್ಲಿ 20% ಚಿಕ್ಕ ಮತ್ತು ಮಧ್ಯಮ ಕಂಪನಿಗಳಿಗೆ ಹೋಗ್ಬೇಕು ಅನ್ನೋ ಗುರಿನೇ ಇತ್ತು. ಯುರೋಪಲ್ಲಿ 250ಕ್ಕಿಂತ ಕಮ್ಮಿ ಜನ ಇದ್ದು, ವಹಿವಾಟು 5 ಕೋಟಿ ಯೂರೋ ಒಳಗಿದ್ರೆ ಎಸ್‌ಎಂಇ ಅಂತ ಲೆಕ್ಕ, ನೀವು 14 ಜನ ಅಂದ್ರೆ ಅದ್ರಲ್ಲೂ ಸಣ್ಣೋರ ಪಟ್ಟಿಗೆ ಬರ್ತೀರಾ. ಅರ್ಜಿ ಬರೆಯೋರು "ಒಂದಿಬ್ರು ಎಸ್‌ಎಂಇ ಇರ್ಲಿ, ಚೆನ್ನಾಗ್ ಕಾಣತ್ತೆ" ಅಂತ ಹುಡುಕೋದು ನಿಜ, ನಂಗೇ ಫೋನ್ ಮಾಡಿ "ಯಾರಾದ್ರೂ ಇದ್ರೆ ಹೇಳಿ, ಶುಕ್ರವಾರದೊಳಗೆ ಬೇಕು" ಅಂದಿರೋರು ಇದಾರೆ. ಅಂಥ ಕರೆ ಬಂದಾಗ ನಿಮ್ಮ ಹೆಸರಿನ ಮುಂದೆ ಇರೋ ಕೆಲಸ ನೋಡಿದ್ರೆ ಗೊತ್ತಾಗ್ಬಿಡತ್ತೆ. "ಮಾರುಕಟ್ಟೆ ಅಧ್ಯಯನ", "ಪ್ರಚಾರ", "ಬಿಸಿನೆಸ್ ಮಾಡೆಲ್‌ಗೆ ನೆರವು" ಅಂತ ಅಲ್ಲಲ್ಲಿ ಎರಡೆರಡು ತಿಂಗಳ ಕೆಲಸ ಹಂಚಿದ್ರೆ ನೀವು ಅಲಂಕಾರಕ್ಕೆ ಇರೋರು. ನಿಮ್ಮ ರೇಡಿಯೋ ಇಲ್ದೇ ಹೋದ್ರೆ ಕೊನೇ ಡೆಮೋ ನಡೆಯೋದೇ ಇಲ್ಲ ಅನ್ನೋ ಹಂಗಿದ್ರೆ ನೀವು ನಿಜವಾದ ಪಾರ್ಟ್ನರು. ಅರ್ಜಿಯ ಡ್ರಾಫ್ಟ್ ತರಿಸ್ಕೊಂಡು ನಿಮ್ಮ ಕಂಪನಿ ಹೆಸರು ಅಳಿಸಿ ಓದಿ ನೋಡಿ, ಪ್ರಾಜೆಕ್ಟು ಆಗ್ಲೂ ನಿಂತ್ಕೊಳ್ಳತ್ತಾ ಅಂತ.

ಹಂಗಾದ್ರೆ ಚಿಕ್ಕ ವೈರ್‌ಲೆಸ್ ಕಂಪನಿಗೆ ಅಲ್ಲಿ ಏನು ಬೆಲೆ? ಇದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಚಿಕ್ಕ ಕಂಪನಿಯೋರಿಗೇ ತಮ್ಮ ಬೆಲೆ ಗೊತ್ತಿರಲ್ಲ. ದೊಡ್ಡ ಕಂಪನಿಯ ಬೇಸ್ ಸ್ಟೇಷನ್ ಮುಚ್ಚಿದ ಪೆಟ್ಟಿಗೆ. ಸಂಶೋಧಕರಿಗೆ ಒಳಗಿನ ಷೆಡ್ಯೂಲರ್, ಅಂದ್ರೆ ಯಾರ ಡೇಟಾ ಯಾವಾಗ ಹೋಗ್ಬೇಕು ಅಂತ ತೀರ್ಮಾನಿಸೋ ಭಾಗ, ಬದಲಾಯಿಸ್ಬೇಕು, ಪ್ರತಿ ಪ್ಯಾಕೆಟ್ಟಿಗೂ ಸಿಗ್ನಲ್ ಅಳತೆ ಹೊರಗೆ ತೆಗೀಬೇಕು ಅಂದ್ರೆ ಆ ಕಂಪನಿಯೊಳಗಿನ ರಿಸರ್ಚ್ ವಿಭಾಗದೋರಿಗೇ ತಮ್ಮ ಪ್ರಾಡಕ್ಟ್ ವಿಭಾಗದಿಂದ ಆ ಕೋಡ್ ಸಿಗಲ್ಲ, ಕೇಳಿದ್ರೆ ವರ್ಷ ಹಿಡಿಯತ್ತೆ. ನೀವು ಎರಡು ವಾರದಲ್ಲಿ ಕೋಡಿನ ಒಂದು ಬೇರೆ ಬ್ರಾಂಚ್ ಮಾಡಿ ಫರ್ಮ್‌ವೇರ್ ಕೊಡ್ತೀರಾ. ಇನ್ನೊಂದು ಕಡೆ ಯುನಿವರ್ಸಿಟಿಯೋರ ಹತ್ರ ಅಲ್ಗಾರಿದಮ್ ಇದೆ ಆದ್ರೆ ಅದು ಸಿಮ್ಯುಲೇಟರ್ ಒಳಗೇ ಬದುಕಿರೋದು. ನಾನು ಕೆಲಸ ಮಾಡಿದ ಒಂದು ಪ್ರಾಜೆಕ್ಟಲ್ಲಿ ರೂಟಿಂಗ್ ಅಲ್ಗಾರಿದಮ್ಮು ಚಾನೆಲ್ ಹೆಂಗಿದೆ ಅಂತ ಪ್ರತಿ ಮಿಲಿಸೆಕೆಂಡಿಗೂ ಗೊತ್ತಾಗತ್ತೆ ಅಂತ ನಂಬ್ಕೊಂಡಿತ್ತು, ನಮ್ಮ ರೇಡಿಯೋ ಡ್ರೈವರ್ ಆ ಅಂಕಿ ಕೊಡ್ತಿದ್ದಿದ್ದು 100 ಮಿಲಿಸೆಕೆಂಡಿಗೆ ಒಂದ್ಸಲ. ಆ ವಿದ್ಯಾರ್ಥಿ ಆರು ತಿಂಗಳು ಮಾಡಿದ್ದ ಕೆಲಸ ಮೊದಲ್ನೇ ವಾರದಲ್ಲೇ ಕುಸೀತು, ಪಾಪ ಅವ್ನ ಮುಖ ಈಗ್ಲೂ ಕಣ್ಮುಂದೆ ಬರತ್ತೆ, ಆದ್ರೆ ಆಮೇಲೆ ನಾವಿಬ್ರೂ ಒಟ್ಟಿಗೆ ಕೂತು ಅದನ್ನ ಮತ್ತೆ ಬರೆದಿದ್ದು ಆ ಪ್ರಾಜೆಕ್ಟಲ್ಲೇ ಒಳ್ಳೇ ಕೆಲಸ ಆಯ್ತು.

ಫೀಲ್ಡ್ ಅನುಭವನೂ ಹಂಗೇ. 5 ಗಿಗಾಹರ್ಟ್ಸ್‌ನಲ್ಲಿ ಹೊರಗಡೆ ರೇಡಿಯೋ ಹಾಕೋರಿಗೆಲ್ಲ ಗೊತ್ತು, ರೇಡಾರ್ ಇದ್ಯಾ ಅಂತ ಕೇಳಿಸ್ಕೊಂಡೇ ಚಾನೆಲ್ ಹಿಡೀಬೇಕು, ಮಾಮೂಲಿ ಚಾನೆಲ್ಲಿಗೆ 60 ಸೆಕೆಂಡ್ ಸಾಕು ಆದ್ರೆ 5600ರಿಂದ 5650 ಮೆಗಾಹರ್ಟ್ಸ್ ಮಧ್ಯೆ ಹವಾಮಾನ ರೇಡಾರ್ ಇರೋದ್ರಿಂದ ಯುರೋಪಲ್ಲಿ 10 ನಿಮಿಷ ಸುಮ್ನೆ ಕಾಯ್ಬೇಕು. ಒಂದು ಬಂದರಿನ ಡೆಮೋ ದಿನ ರಿವ್ಯೂ ಮಾಡೋರು ಬಂದು ನಿಂತಿದಾರೆ, ಪ್ಲಾನ್ ಬರೆದೋರು ಅದೇ ಚಾನೆಲ್ ಹಾಕಿದಾರೆ, ರೇಡಿಯೋ ಮಾತೇ ಆಡ್ತಿಲ್ಲ. ಚಳಿಯಲ್ಲಿ ಹತ್ತು ನಿಮಿಷ ಎಲ್ರೂ ನಿಂತ್ವಿ. ಇಂಥದ್ದೆಲ್ಲ ಮೊದಲೇ ಹೇಳ್ಬಲ್ಲೋರು ದಿನಾ ಮಾಸ್ಟ್ ಹತ್ತಿ ಕೆಲಸ ಮಾಡಿರೋ ನಿಮ್ಮಂಥ ಕಂಪನಿಯೋರೇ.

ಎರಡು ನಿಜ ಉದಾಹರಣೆ ಕೊಡ್ತೀನಿ. ಬ್ರಿಸ್ಟಲ್ಲಿನ ಬ್ಲೂ ವೈರ್‌ಲೆಸ್ ಅಂತ ಒಂದು ಕಂಪನಿ, 60 ಗಿಗಾಹರ್ಟ್ಸ್ ಮೋಡೆಮ್ ಅವ್ರ ಪರಿಣತಿ. ಆ ಬ್ಯಾಂಡಲ್ಲಿ ಗಾಳಿಯಲ್ಲಿರೋ ಆಮ್ಲಜನಕನೇ ಸಿಗ್ನಲ್ ನುಂಗತ್ತೆ, ಕಿಲೋಮೀಟರಿಗೆ ಸುಮಾರು 15 ಡಿಬಿ, ಹಂಗಾಗಿ ದೂರ ಹೋಗಲ್ಲ ಆದ್ರೆ ಹತ್ತಿರದಲ್ಲಿ ಗಿಗಾಬಿಟ್ ವೇಗ ಸಿಗತ್ತೆ. 2015ರಲ್ಲಿ ಶುರುವಾದ 5ಜಿ-ಎಕ್ಸ್‌ಹಾಲ್ ಅನ್ನೋ ಪ್ರಾಜೆಕ್ಟಲ್ಲಿ ಅವರು ಪಾರ್ಟ್ನರು, ಜರ್ಮನಿಯ ಐಎಚ್‌ಪಿ ಸಂಸ್ಥೆ ಅದರ ಕೋಆರ್ಡಿನೇಟರು, ಅಂದ್ರೆ ಎಲ್ಲರ ಪರವಾಗಿ ಪ್ರಾಜೆಕ್ಟು ನಡೆಸೋರು. ಚಿಕ್ಕ ಚಿಕ್ಕ ಬೇಸ್ ಸ್ಟೇಷನ್ನಿಗೆಲ್ಲ ಫೈಬರ್ ಎಳೆಯೋಕಾಗಲ್ಲ, ಅಲ್ಲಿ ಈ ತರ ರೇಡಿಯೋ ಲಿಂಕ್ ಹಾಕ್ಬಹುದಾ ಅನ್ನೋದು ಅದರ ಒಂದು ಮುಖ್ಯ ಪ್ರಶ್ನೆ. ಅದ್ರ ಮುಂದಿನ 5ಜಿ-ಪಿಕ್ಚರ್ ಪ್ರಾಜೆಕ್ಟಲ್ಲಿ ಬಾರ್ಸಿಲೋನಾ ಹತ್ರ ರೈಲು ಹಳಿ ಪಕ್ಕ ಇಂಥ ಆಂಟೆನಾಗಳನ್ನ ಹಾಕಿ ಓಡೋ ರೈಲಿಗೆ ಡೇಟಾ ಕಳಿಸಿ ನೋಡಿದ್ರು. ಆಮೇಲೆ ಬ್ರಿಟನ್ನಿನ ರೈಲುಗಳ ಇಂಟರ್ನೆಟ್ ವ್ಯವಸ್ಥೆಗೂ ಈ ಕಂಪನಿಯ ತಂತ್ರಜ್ಞಾನ ಹೋಯ್ತು. ಪ್ರಾಜೆಕ್ಟೇ ಇದನ್ನೆಲ್ಲ ಮಾಡಿಕೊಡ್ತು ಅಂತ ನಾನು ಹೇಳ್ತಿಲ್ಲ, ಅವರ ಕೈಲಿ ಮೊದಲೇ ಮೋಡೆಮ್ ಇತ್ತು, ಹೋಗ್ಬೇಕಾದ ದಾರಿ ಇತ್ತು, ಪ್ರಾಜೆಕ್ಟುಗಳು ಅದೇ ದಾರಿ ಮೇಲೆ ಬಂದ್ವು. ನಿಮ್ಮ ಪ್ರಶ್ನೆಗೂ ನನ್ನ ಉತ್ತರ ಇದೇ, ಹೇಳ್ತಾ ಹೋಗ್ತೀನಿ.

ಇನ್ನೊಂದು, 2011ರಿಂದ 2015ರವರೆಗೆ ನಡೆದ ಕನ್‌ಫೈನ್ ಪ್ರಾಜೆಕ್ಟು. ಬಾರ್ಸಿಲೋನಾದ ಯುಪಿಸಿ ಯುನಿವರ್ಸಿಟಿ ಮುಂದೆ ನಿಂತು ನಡೆಸಿದ್ದು. ಅಲ್ಲಿ ಕ್ಯಾಟಲೋನಿಯಾದ ಗುಯ್‌ಫೈ ನೆಟ್, ವಿಯೆನ್ನಾದ ಫಂಕ್‌ಫಾಯರ್, ಅಥೆನ್ಸಿನ ವೈರ್‌ಲೆಸ್ ಮೆಟ್ರೊಪಾಲಿಟನ್ ನೆಟ್‌ವರ್ಕ್ ಸೇರಿದ್ವು, ಇವ್ಯಾವೂ ದೊಡ್ಡ ಟೆಲಿಕಾಂ ಕಂಪನಿ ಅಲ್ಲ, ಜನ ತಮ್ಮ ತಮ್ಮ ಮನೆ ತಾರಸಿ ಮೇಲೆ ಆಂಟೆನಾ ಹಾಕ್ಕೊಂಡು ಕಟ್ಟಿದ ಸಮುದಾಯ ನೆಟ್‌ವರ್ಕುಗಳು. ಗುಯ್‌ಫೈ ಶುರುವಾಗಿದ್ದು 2004ರಲ್ಲಿ, ಹಳ್ಳಿ ಕಡೆ ದೊಡ್ಡ ಕಂಪನಿಗಳು ಬ್ರಾಡ್‌ಬ್ಯಾಂಡ್ ಕೊಡ್ಲಿಲ್ಲ ಅಂತ. ಆ ನೆಟ್‌ವರ್ಕುಗಳ ಒಳಗೇ ಟೆಸ್ಟ್ ನೋಡ್‌ಗಳನ್ನ ಇಟ್ಟು ಸಂಶೋಧಕರಿಗೆ ಪ್ರಯೋಗಕ್ಕೆ ಬಿಟ್ರು. ಲ್ಯಾಬಲ್ಲಿ ನೂರು ರೇಡಿಯೋ ಇಟ್ರೂ ಸಿಗದೇ ಇರೋದು ಅಲ್ಲಿತ್ತು, ನಿಜವಾದ ಬಳಕೆದಾರರು, ಗೋಡೆ, ಮರ, ಮಳೆ, ಪಕ್ಕದ್ಮನೆಯೋರ ವೈಫೈ. ಅಂದ್ರೆ ಚಿಕ್ಕೋರು ತರೋದು ದುಡ್ಡೂ ಅಲ್ಲ ಹೆಸರೂ ಅಲ್ಲ, ಬೇರೆ ಯಾರ ಹತ್ರಾನೂ ಇಲ್ದಿರೋ ಒಂದು ವಸ್ತು ಅಥವಾ ಜಾಗ. ನಿಮ್ಮ ಹತ್ರ ಬಂದರಲ್ಲಿ ಓಡ್ತಿರೋ ಮೆಶ್ ಇದ್ಯಲ್ಲ, ಅದು ಅಂಥದ್ದೇ, ಕಡಿಮೆ ಅಂದ್ಕೋಬೇಡಿ.

ಈಗ ಕದಿಯೋ ವಿಷಯ. ನಿಮ್ಮ ಪರಿಚಯದೋರು ಹೇಳಿದಂಗೆ ದೊಡ್ಡ ಕಂಪನಿ ರಾತ್ರೋರಾತ್ರಿ ಸೋರ್ಸ್ ಕೋಡ್ ಎತ್ಕೊಂಡು ಹೋಗೋದನ್ನ ನಾನಂತೂ ಇಷ್ಟು ವರ್ಷದಲ್ಲಿ ನೋಡಿಲ್ಲ. ನಾನು ನೋಡಿರೋ ನಷ್ಟ ಎಲ್ಲ ಚಿಕ್ಕ ಕಂಪನಿಯೋರು ಓದ್ದೇ ಸೈನ್ ಮಾಡಿದ್ರಿಂದ ಆಗಿರೋದು. ನಿಯಮ ಹಿಂಗಿದೆ: ಪ್ರಾಜೆಕ್ಟಿಗೆ ಮುಂಚೆ ನಿಮ್ಮ ಹತ್ರ ಇದ್ದಿದ್ದನ್ನ ಬ್ಯಾಕ್‌ಗ್ರೌಂಡ್ ಅಂತಾರೆ, ಅದು ನಿಮ್ಮದೇ. ಪ್ರಾಜೆಕ್ಟಲ್ಲಿ ಹುಟ್ಟಿದ್ದು ರಿಸಲ್ಟ್, ಅದು ಯಾರು ಹುಟ್ಟಿಸಿದ್ರೋ ಅವರದ್ದು. ಬೇರೆ ಪಾರ್ಟ್ನರಿಗೆ ಪ್ರಾಜೆಕ್ಟಿನ ತನ್ನ ಕೆಲಸ ಮಾಡೋಕೆ ನಿಮ್ಮ ಬ್ಯಾಕ್‌ಗ್ರೌಂಡ್ ಬೇಕೇ ಬೇಕು ಅಂದ್ರೆ ಮಾಮೂಲಾಗಿ ಪುಕ್ಕಟೆ ಕೊಡ್ಬೇಕು, ಅವನ ರಿಸಲ್ಟನ್ನ ಆಮೇಲೆ ಬಳಸಿ ದುಡಿಯೋಕೆ ಬೇಕು ಅಂದ್ರೆ ನ್ಯಾಯವಾದ ಷರತ್ತಿನ ಮೇಲೆ, ಅಂದ್ರೆ ದುಡ್ಡು ಕೇಳ್ಬಹುದು, ಈ ಕೋರಿಕೆನ ಪ್ರಾಜೆಕ್ಟ್ ಮುಗಿದು ಒಂದು ವರ್ಷದವರೆಗೂ ಇಡ್ಬಹುದು. ತಪ್ಪಾಗೋದು ಎಲ್ಲಿ ಅಂದ್ರೆ, ಪಾರ್ಟ್ನರ್‌ಗಳು ತಮ್ಮತಮ್ಮಲ್ಲಿ ಮಾಡ್ಕೊಳ್ಳೋ ಕನ್ಸಾರ್ಷಿಯಂ ಅಗ್ರಿಮೆಂಟಿನ ಕೊನೇಲಿ ಬ್ಯಾಕ್‌ಗ್ರೌಂಡ್ ಪಟ್ಟಿ ಅಂತ ಒಂದು ಅನುಬಂಧ ಇರತ್ತೆ, ತುಂಬಾ ಜನ ಅಲ್ಲಿ "ನಮ್ಮ ಮೆಶ್ ಸಾಫ್ಟ್‌ವೇರ್" ಅಂತ ಒಂದು ಸಾಲು ಬರೆದು ಬಿಡ್ತಾರೆ. ಯಾವ ಮಾಡ್ಯೂಲ್, ಯಾವ ವರ್ಷನ್ನು, ಯಾವ ದಿನಾಂಕದ್ದು, ಬೈನರಿ (ಓಡಿಸೋಕಷ್ಟೇ ಬರೋ ರೂಪ) ಮಾತ್ರನಾ ಸೋರ್ಸ್ ಕೋಡ್ ಕೂಡಾನಾ, ಯಾವುದು ಹೊರಗಿಟ್ಟಿದೀವಿ, ಇಷ್ಟೂ ಬರೀಬೇಕು. ಯುರೋಪಲ್ಲಿ ಹೆಚ್ಚಾಗಿ ಡೆಸ್ಕಾ ಅನ್ನೋ ಮಾದರಿ ಅಗ್ರಿಮೆಂಟ್ ಇಟ್ಕೊಂಡೇ ಶುರು ಮಾಡ್ತಾರೆ, ಅದು ತಕ್ಕಮಟ್ಟಿಗೆ ಸಮತೋಲನ ಇರೋದೇ, ಆದ್ರೆ ಅದ್ರಲ್ಲಿ ಆಯ್ಕೆ ಮಾಡೋ ಜಾಗಗಳಿವೆ, ದೊಡ್ಡ ಕಂಪನಿಯ ವಕೀಲರು ಅಲ್ಲೇ ತಿದ್ದೋದು, ಹಂಗಾಗಿ ಮೂಲ ಮಾದರಿ ಪಕ್ಕದಲ್ಲಿಟ್ಕೊಂಡು ಏನೇನು ಬದಲಾಗಿದೆ ಅಂತ ಸಾಲು ಸಾಲು ಹೋಲಿಸಿ.

ಜಂಟಿ ಒಡೆತನದ ಬಗ್ಗೆ ಇನ್ನೂ ಹುಷಾರಾಗಿರಿ. ನೀವೂ ದೊಡ್ಡ ಕಂಪನಿಯೂ ಸೇರಿ ಒಂದು ಷೆಡ್ಯೂಲರ್ ಬರೆದ್ರಿ, ಯಾರದ್ದು ಎಷ್ಟು ಅಂತ ಬೇರೆ ಮಾಡೋಕಾಗಲ್ಲ ಅಂದ್ರೆ ಅದು ಇಬ್ರದ್ದೂ. ಬೇರೆ ಒಪ್ಪಂದ ಇಲ್ದಿದ್ರೆ ಒಬ್ರು ಇನ್ನೊಬ್ರಿಗೆ 45 ದಿನ ಮೊದ್ಲು ತಿಳಿಸಿ, ನ್ಯಾಯವಾದ ಪರಿಹಾರ ಕೊಟ್ಟು, ಮೂರನೆಯೋರಿಗೆ ಲೈಸೆನ್ಸ್ ಕೊಡ್ಬಹುದು. ಅವ್ರಿಗೆ ಗಿರಾಕಿ ಹತ್ತು ದೇಶದಲ್ಲಿ, ನಿಮಗೆ ಒಂದೇ ಬಂದರು, ಲೆಕ್ಕ ನೀವೇ ಹಾಕಿ. ಕೆಲಸನ ಮೊದಲೇ ಬೇರೆ ಬೇರೆ ರೆಪಾಸಿಟರಿಗೆ (ಕೋಡ್ ಇಡೋ ಜಾಗ) ಒಡೆದು ಮಧ್ಯೆ ಒಂದು ಇಂಟರ್‌ಫೇಸ್, ಅಂದ್ರೆ ಎರಡೂ ಕೋಡು ಮಾತಾಡೋ ಗೊತ್ತಾದ ದಾರಿ, ಇಟ್ಕೊಂಡ್ರೆ ಈ ತಲೆನೋವು ಮುಕ್ಕಾಲು ಪಾಲು ಹೋಗತ್ತೆ. ಇದು ಕಾನೂನಿಗಿಂತ ನಿಮ್ಮಂಥ ಫರ್ಮ್‌ವೇರ್ ಎಂಜಿನಿಯರ್ ಕೈಲಿರೋ ಕೆಲಸ. ಪೇಪರ್ ಪ್ರಕಟಣೆ ವಿಷಯನೂ ಸೇರಿಸ್ಕೊಳ್ಳಿ, ಯುನಿವರ್ಸಿಟಿಯೋರು ಪೇಪರ್ ಕಳಿಸೋ ಮುಂಚೆ ನಿಮಗೆ ತಿಳಿಸ್ಬೇಕು, ಬೇರೆ ಮಾತಾಗಿಲ್ಲ ಅಂದ್ರೆ ಹೊರೈಜನ್ ಯುರೋಪಲ್ಲಿ 15 ದಿನ ಮಾತ್ರ. ಆ ಇಮೇಲ್ ಆಗಸ್ಟ್ ರಜೆಯಲ್ಲಿ ಬಂದ್ರೆ ಯಾರು ನೋಡ್ತಾರೆ? ಪೇಟೆಂಟ್ ಮಾಡೋ ಯೋಚನೆ ಇದ್ರೆ ಅರ್ಜಿ ಮೊದ್ಲು ಹಾಕಿ, ಪೇಪರ್ ಆಮೇಲೆ.

ಮುಂದೆ ದುಡ್ಡು. "100% ಅವ್ರೇ ಕೊಡ್ತಾರೆ" ಅನ್ನೋದು ಅರ್ಧ ಸತ್ಯ. ಸಂಶೋಧನೆಗೆ ಒತ್ತು ಕೊಡೋ ರಿಸರ್ಚ್ ಅಂಡ್ ಇನ್ನೋವೇಶನ್ ಆಕ್ಷನ್ ಆದ್ರೆ 100%, ಮಾರುಕಟ್ಟೆಗೆ ಹತ್ರ ಇರೋ ಇನ್ನೋವೇಶನ್ ಆಕ್ಷನ್ ಆದ್ರೆ ಲಾಭಕ್ಕಾಗಿ ನಡೆಯೋ ಕಂಪನಿಗೆ 70% ಮಾತ್ರ. ಎರಡರಲ್ಲೂ ನೇರ ಖರ್ಚಿನ ಮೇಲೆ 25% ಓವರ್‌ಹೆಡ್, ಅಂದ್ರೆ ಬಾಡಿಗೆ, ಕರೆಂಟು ತರದ ಖರ್ಚಿಗೆ ಅಂತ, ಸೇರತ್ತೆ. ನಿಮ್ಮ 3 ಲಕ್ಷ ಹಿಂಗೆ ಬಂದಿರ್ಬಹುದು ಅಂದ್ಕೊಳ್ಳಿ: ಸಂಬಳ 2 ಲಕ್ಷ, ಓಡಾಟ 10 ಸಾವಿರ, ಉಪಕರಣ 30 ಸಾವಿರ, ಒಟ್ಟು 2 ಲಕ್ಷ 40 ಸಾವಿರ, ಅದಕ್ಕೆ 25% ಅಂದ್ರೆ 60 ಸಾವಿರ ಸೇರಿ 3 ಲಕ್ಷ. ಇದೇ ಇನ್ನೋವೇಶನ್ ಆಕ್ಷನ್ ಆಗಿದ್ರೆ ಕೈಗೆ ಬರೋದು 2 ಲಕ್ಷ 10 ಸಾವಿರ, ಉಳಿದ 90 ಸಾವಿರ ನಿಮ್ಮ ಜೇಬಿಂದ. ಮೊದ್ಲು ಇದ್ಯಾವ ತರದ್ದು ಅಂತ ಕೇಳಿ, ನಿಮ್ಮ ಪತ್ರದಲ್ಲಿ ಅದಿಲ್ಲ.

ಅದಕ್ಕಿಂತ ದೊಡ್ಡ ವಿಷಯ ದುಡ್ಡು ಯಾವಾಗ ಬರತ್ತೆ ಅನ್ನೋದು. 100% ಅಂತಾನೇ ಇಟ್ಕೊಳ್ಳೋಣ, 36 ತಿಂಗಳು, 18 ತಿಂಗಳಿಗೊಂದು ರಿಪೋರ್ಟು. ತಿಂಗಳಿಗೆ ಸರಾಸರಿ ಖರ್ಚು 8,300 ಯೂರೋ ಚಿಲ್ಲರೆ. ಶುರುವಲ್ಲಿ ಮುಂಗಡ ಸುಮಾರು ಅರ್ಧ, 1 ಲಕ್ಷ 50 ಸಾವಿರ, ಅದ್ರಲ್ಲಿ ಗ್ರಾಂಟಿನ 5% ಅಂದ್ರೆ 15 ಸಾವಿರ ವಿಮಾ ನಿಧಿಗೆ ಅಂತ ಹಿಡ್ಕೊಳ್ತಾರೆ, ಕೊನೇಲಿ ವಾಪಸ್ ಬರತ್ತೆ. ಕೈಗೆ 1 ಲಕ್ಷ 35 ಸಾವಿರ, ಅದು 16ನೇ ತಿಂಗಳಿಗೆ ಖಾಲಿ. 18ನೇ ತಿಂಗಳಿಗೆ ಅವಧಿ ಮುಗಿಯತ್ತೆ, ರಿಪೋರ್ಟ್ ಕೊಡೋಕೆ 60 ದಿನ, ಅವ್ರು ದುಡ್ಡು ಕೊಡೋಕೆ 90 ದಿನ, ಮಧ್ಯೆ ಏನಾದ್ರೂ ಪ್ರಶ್ನೆ ಕೇಳಿದ್ರೆ ಆ ಗಡಿಯಾರ ನಿಲ್ಲತ್ತೆ. ಎಲ್ಲ ಸರಿಯಾಗಿ ಹೋದ್ರೂ 23ನೇ ತಿಂಗಳು. ಅಂದ್ರೆ ಸುಮಾರು ಏಳು ತಿಂಗಳು, 55 ಸಾವಿರದ ಮೇಲೆ ನೀವೇ ಹಾಕ್ಬೇಕು. ಆಮೇಲೆ ಬರೋದು 1 ಲಕ್ಷ 20 ಸಾವಿರ, ಯಾಕಂದ್ರೆ ಕೊನೇ ಪೇಮೆಂಟಿಗೆ ಮುಂಚೆ ಒಟ್ಟು 90% ಮೀರೋ ಹಂಗಿಲ್ಲ. ಕೊನೇ 45 ಸಾವಿರ ಪ್ರಾಜೆಕ್ಟು ಮುಗಿದ ಐದಾರು ತಿಂಗಳ ಮೇಲೆ, ಅಂದ್ರೆ 41ನೇ ತಿಂಗಳಿನ ಆಸುಪಾಸು. ಒಂದು ಬಂದರಿನ ಗಿರಾಕಿ ಬಿಲ್ಲು ತಡ ಮಾಡಿದ ಅದೇ ಸಮಯದಲ್ಲಿ ಇದೂ ಬಿದ್ರೆ 14 ಜನರ ಸಂಬಳ ಹೆಂಗೆ? ನಾನು ನೋಡಿದ ಒಂದು ಚಿಕ್ಕ ಕಂಪನಿ ಕಾಗದದ ಮೇಲೆ ಲಾಭದಲ್ಲಿತ್ತು, ಕೈಲಿ ದುಡ್ಡಿಲ್ದೇ ಇಬ್ರು ಒಳ್ಳೇ ಎಂಜಿನಿಯರ್‌ಗಳನ್ನ ಕಳ್ಕೊಳ್ತು, ಪ್ರಾಜೆಕ್ಟು ಮಾತ್ರ ಚೆನ್ನಾಗೇ ಮುಗೀತು. ಇನ್ನೊಂದು ವಿಷಯ ತಿಳ್ಕೊಳ್ಳಿ, ಹಣಕಾಸಿನ ತಾಕತ್ತು ಪರೀಕ್ಷೆ ಮಾಡೋದು ಮಾಮೂಲಾಗಿ 5 ಲಕ್ಷ ಯೂರೋ ಅಥವಾ ಹೆಚ್ಚು ಕೇಳೋ ಕಡೆ ಕೋಆರ್ಡಿನೇಟರನ್ನ ಮಾತ್ರ. ನಿಮ್ಮನ್ನ ಯಾರೂ ಕೇಳಲ್ಲ, ಹಂಗಾಗಿ ನೀವೇ ಕೇಳ್ಕೋಬೇಕು. ಬಾಸಿಗೆ ಈ ತಿಂಗಳು ತಿಂಗಳಿನ ಲೆಕ್ಕ ಒಂದು ಎಕ್ಸೆಲ್ ಶೀಟಲ್ಲಿ ಹಾಕಿ ತೋರಿಸಿ, ಮಿಕ್ಕಿದ್ದೆಲ್ಲ ಆಮೇಲೆ.

ಉಪಕರಣದಲ್ಲೂ ಎಡವ್ತಾರೆ. 6,000 ಯೂರೋದ ಅಳತೆ ಯಂತ್ರ ತಗೊಂಡು ಐದು ವರ್ಷದಲ್ಲಿ ಸವಕಳಿ ಹಾಕ್ತೀರಾ ಅಂದ್ರೆ ಮೂರು ವರ್ಷದ ಪ್ರಾಜೆಕ್ಟಿಗೆ ಸೇರಿಸೋಕಾಗೋದು ಸಾಮಾನ್ಯವಾಗಿ 3,600. ನಿಮ್ಮದೇ ರೇಡಿಯೋ ಪ್ರಾಜೆಕ್ಟಿಗೆ ಕೊಟ್ರೆ ತಯಾರಿಕಾ ವೆಚ್ಚಕ್ಕೇ ಕೊಡ್ಬೇಕು, ಲಾಭ ಇಟ್ಕೊಳ್ಳೋ ಹಂಗಿಲ್ಲ. ಸಂಬಳನ ವರ್ಷಕ್ಕೆ 215 ದಿನ ಅಂತ ಭಾಗಿಸಿ ದಿನದ ದರ ಹಾಕ್ತಾರೆ, ಯಾರು ಎಷ್ಟು ದಿನ ಕೆಲಸ ಮಾಡಿದ್ರು ಅಂತ ತಿಂಗಳು ತಿಂಗಳು ಬರೆದು ಸೈನ್ ಮಾಡಿಡ್ಬೇಕು. ಈಗೀಗ ಲಂಪ್‌ಸಮ್ ಅಂತ ಜಾಸ್ತಿ ಬರ್ತಿದೆ, ಅಲ್ಲಿ ಖರ್ಚಿನ ಲೆಕ್ಕ ಕೇಳಲ್ಲ, ಕೆಲಸದ ಒಂದೊಂದು ಪ್ಯಾಕೇಜ್ ಮುಗಿದ್ರೆ ಅದರ ದುಡ್ಡು. ಚಿಕ್ಕೋರಿಗೆ ಇದು ಹಗುರ, ಆದ್ರೆ ಆ ಪ್ಯಾಕೇಜಲ್ಲಿ ಬೇರೆ ಪಾರ್ಟ್ನರ್ ಕೈಕೊಟ್ರೆ ನಿಮ್ಮ ದುಡ್ಡೂ ನಿಲ್ಲತ್ತೆ. ಅಂದ ಹಾಗೆ ಯಾವ ತರದ್ದಾದ್ರೂ, ಪಾರ್ಟ್ನರ್ ಒಬ್ರು ಮಧ್ಯೆ ಬಿಟ್ಟು ಹೋದ್ರೆ ಅವರ ಕೆಲಸ ಉಳಿದೋರ ಮೇಲೆ ಬೀಳತ್ತೆ.

ಬರೀ ರಿಪೋರ್ಟ್ ಬರೆಯೋದಾ ಅಂತ ಕೇಳಿದೀರಾ. ರಿಪೋರ್ಟ್ ಇದೆ, ತಪ್ಪಿಸ್ಕೊಳ್ಳೋಕಾಗಲ್ಲ. ಮೀಟಿಂಗ್ ಕಾಲ್‌ಗಳು ವಾರಕ್ಕೆ ಎರಡ್ಮೂರು ಗಂಟೆ ತಿನ್ನತ್ತೆ. ನಿಮ್ಮ ಪಾಲಿನ ಕೆಲಸದಲ್ಲಿ ಐದರಲ್ಲೊಂದು ಭಾಗ ಇದಕ್ಕೇ ಹೋಗತ್ತೆ ಅಂತ ನನ್ನ ಅನುಭವದ ಅಂದಾಜು, ಅದನ್ನ ಮೊದಲೇ ಬಜೆಟ್ಟಲ್ಲಿ ಇಟ್ಕೊಂಡ್ರೆ ಬೇಜಾರಾಗಲ್ಲ. ಆದ್ರೆ ಒಂದು ಮಾತು ಒಪ್ಕೋತೀನಿ, ಪ್ರಾಜೆಕ್ಟಲ್ಲಿ ಹುಟ್ಟಿದ ಕೋಡು ಮುಗಿದ ದಿನನೇ ಸಾಯೋದು ತುಂಬಾ ಸಲ ಆಗತ್ತೆ. ಅರ್ಜಿ ಬರೆಯೋದಕ್ಕೂ ಕೆಲಸ ಶುರುವಾಗೋದಕ್ಕೂ ಮಧ್ಯೆನೇ ಸುಮಾರು ಒಂದು ವರ್ಷ, ಡೆಡ್‌ಲೈನ್ ಆದ್ಮೇಲೆ ಒಪ್ಪಂದಕ್ಕೇ ಎಂಟು ತಿಂಗಳು ಅಂತ ನಿಯಮ, ಆಮೇಲೆ ಮೂರು ವರ್ಷ. ನಾಲ್ಕು ವರ್ಷದ ಹಿಂದಿನ ವೈಫೈ ಚಿಪ್ ಮೇಲೆ ಬರೆದ ಐಡಿಯಾ ಇವತ್ತಿನ ಚಿಪ್ಪಿಗೆ ಹೊಂದಲ್ಲ. ಅದಕ್ಕೇ ಬ್ಲೂ ವೈರ್‌ಲೆಸ್ ಕತೆ ಹೇಳಿದ್ದು. ಮುಂದಿನ ಎರಡು ವರ್ಷ ಗ್ರಾಂಟ್ ಇಲ್ದಿದ್ರೂ ನೀವು ಏನು ಮಾಡೋರಿದ್ರಿ, ಆ ಪಟ್ಟಿ ಬರೀರಿ. ಪ್ರಾಜೆಕ್ಟಲ್ಲಿ ನಿಮಗೆ ಕೊಟ್ಟಿರೋ ಕೆಲಸದ ಮುಕ್ಕಾಲು ಆ ಪಟ್ಟಿಯಲ್ಲಿದ್ರೆ ಸೇರಿ. ಕಾಲು ಭಾಗನೂ ಇಲ್ಲ ಅಂದ್ರೆ ಮೂರು ಲಕ್ಷಕ್ಕೋಸ್ಕರ ಇರೋ ಆರೇಳು ಎಂಜಿನಿಯರ್‌ಗಳಲ್ಲಿ ಇಬ್ರನ್ನ ನಿಮ್ಮ ಸ್ವಂತ ರೇಡಿಯೋದಿಂದ ಎತ್ತಿ ಬೇರೆ ಕಡೆ ಕೂರಿಸ್ತಿದೀರಾ ಅಂತ ಅರ್ಥ, ಆ ನಷ್ಟ ಯಾವ ಲೆಕ್ಕದ ಶೀಟಲ್ಲೂ ಕಾಣಲ್ಲ.

ಬೆಂಗಳೂರು ಟೀಮ್ ವಿಷಯ ಬೇಗ ಹೇಳ್ಬಿಡ್ತೀನಿ, ಇಲ್ಲಿ ತುಂಬಾ ಜನ ಆಡಿಟ್ಟಲ್ಲಿ ಸಿಕ್ಕಾಕ್ಕೋತಾರೆ. ಭಾರತದ ಸಂಸ್ಥೆಗಳು ಹೊರೈಜನ್ ಯುರೋಪಲ್ಲಿ ಸೇರ್ಬಹುದು, ಆದ್ರೆ ಯುರೋಪಿನ ದುಡ್ಡು ತಾನಾಗೇ ಸಿಗಲ್ಲ, ಚೀನಾ, ಬ್ರೆಜಿಲ್ ತರ. ನಿಮ್ಮ ಬೆಂಗಳೂರು ಕಂಪನಿ ಬೇರೆಯೇ ರಿಜಿಸ್ಟರ್ ಆಗಿರೋದ್ರಿಂದ ಆ ಮೂರು ಜನರ ಸಂಬಳನ ಜರ್ಮನಿ ಕಂಪನಿಯ ಸಂಬಳ ಅಂತ ತೋರಿಸೋಕೆ ಬರಲ್ಲ. ಮಾಲೀಕರು ಒಬ್ರೇ ಆದ್ರೂ ಕಾನೂನಿಗೆ ಅದು ಎರಡು ಸಂಸ್ಥೆ. ಸಬ್‌ಕಾಂಟ್ರಾಕ್ಟ್ ಮಾಡ್ಬಹುದಾ ಅಂದ್ರೆ, ಅರ್ಜಿಯಲ್ಲೇ ಬರೆದು, ಸರಿಯಾದ ಬೆಲೆಗೆ ಕೊಟ್ಟಿದೀವಿ ಅಂತ ತೋರಿಸ್ಬೇಕು, ತಮ್ಮದೇ ಅಂಗಸಂಸ್ಥೆಗೆ ಕೊಟ್ಟಾಗ ಆ ಪ್ರಶ್ನೆ ಜೋರಾಗೇ ಬರತ್ತೆ, ಮತ್ತೆ ಕೆಲವು ಅರ್ಜಿ ಆಹ್ವಾನಗಳಲ್ಲಿ (ಕಾಲ್ ಅಂತಾರೆ) ಭದ್ರತೆ ಕಾರಣಕ್ಕೆ ಯುರೋಪಿನ ಹೊರಗಿನೋರಿಗೆ ಅವಕಾಶನೇ ಇರಲ್ಲ. ನಾನಾದ್ರೆ ಆ ಮೂರು ಜನರನ್ನ ನಿಮ್ಮ ಮಾರಾಟದ ಪ್ರಾಡಕ್ಟ್ ಮೇಲೆ ಇಟ್ಟು, ಜರ್ಮನಿಯಲ್ಲಿರೋರ ಸಮಯ ಪ್ರಾಜೆಕ್ಟಿಗೆ ಬಿಡಿಸ್ತೀನಿ. ಲೆಕ್ಕನೂ ಶುದ್ಧ, ಅವರಿಗೂ ಮರ್ಯಾದೆ, ಯಾಕಂದ್ರೆ ಯಾರದ್ದೋ ಟೈಮ್‌ಶೀಟಲ್ಲಿ ಹೆಸರಿಲ್ದೇ ಕೆಲಸ ಮಾಡೋದು ಆ ಹುಡುಗರಿಗೂ ಒಳ್ಳೇದಲ್ಲ.

ಪಾರ್ಟ್ನರ್ ಆಗೋದು ಒಂದೇ ದಾರಿ ಅಂತ ಅಂದ್ಕೋಬೇಡಿ. ಸ್ಪೇನಿನ ಸಾಂತಾಂದೆರ್ ಊರಲ್ಲಿ 2010ರಲ್ಲಿ ಶುರುವಾದ ಸ್ಮಾರ್ಟ್‌ಸಾಂತಾಂದೆರ್ ಪ್ರಾಜೆಕ್ಟಿಗೆ ಜರಗೋಜಾದ ಲಿಬೆಲಿಯಂ ಅನ್ನೋ ಕಂಪನಿ ಸೆನ್ಸರ್ ನೋಡ್‌ಗಳನ್ನ ಕೊಡ್ತು, ಪಾರ್ಕಿಂಗ್ ಜಾಗದ ಟಾರಿನ ಕೆಳಗೆ ಹೂತಿಟ್ಟು ಕಾರ್ ಇದ್ಯಾ ಇಲ್ವಾ ಅಂತ ಹೇಳೋ ಸೆನ್ಸರ್‌ಗಳು. 2006ರಲ್ಲಿ ಹುಟ್ಟಿದ ಕಂಪನಿ, ಆ ಊರಿಂದ ಅದರ ಹೆಸರು ದೂರ ದೂರ ಹೋಯ್ತು. ಸಾಮಾನು ಮಾರೋರಾದ್ರೆ ಲಾಭ ಇಟ್ಟು ಬಿಲ್ ಮಾಡ್ಬಹುದು, ರಿಪೋರ್ಟ್ ಗೋಳಿಲ್ಲ, ಆದ್ರೆ ಸಂಶೋಧನೆ ಯಾವ ಕಡೆ ಹೋಗ್ಬೇಕು ಅಂತ ಹೇಳೋ ಮಾತೂ ಇಲ್ಲ, ರಿಸಲ್ಟಿನ ಮೇಲೆ ಹಕ್ಕೂ ಇಲ್ಲ. ಇನ್ನೊಂದು ದಾರಿ ಓಪನ್ ಕಾಲ್, ಅಂದ್ರೆ ನಡೀತಿರೋ ಪ್ರಾಜೆಕ್ಟೇ ತನ್ನ ದುಡ್ಡಲ್ಲಿ ಹೊರಗಿನೋರಿಂದ ಅರ್ಜಿ ಕರೆಯೋದು. ಫೆಡ್‌ಫಾರ್‌ಫೈರ್, ವಿಶ್‌ಫುಲ್ ತರದ ಪ್ರಾಜೆಕ್ಟುಗಳು ತಮ್ಮ ಟೆಸ್ಟ್‌ಬೆಡ್‌ಗಳಲ್ಲಿ (ಪರೀಕ್ಷೆಗೆ ಅಂತಲೇ ಕಟ್ಟಿದ ನೆಟ್‌ವರ್ಕು) ಪ್ರಯೋಗ ಮಾಡೋಕೆ ಚಿಕ್ಕ ಕಂಪನಿಗಳಿಗೆ ದುಡ್ಡು ಕೊಟ್ಟಿದ್ದು ಹಿಂಗೇ, ಸಾಮಾನ್ಯವಾಗಿ ಇಂಥ ಕಾಲ್‌ಗಳಲ್ಲಿ ಒಬ್ರಿಗೆ 60 ಸಾವಿರ ಯೂರೋವರೆಗೆ, ಕೆಲವೇ ತಿಂಗಳ ಕೆಲಸ, ಚಿಕ್ಕ ಅರ್ಜಿ. ಮೊದಲ ಸಲ ಹೋಗೋರಿಗೆ ನಾನು ಇದನ್ನೇ ಜಾಸ್ತಿ ಹೇಳೋದು, ಈಜು ಕಲಿಯೋಕೆ ಕೆರೆಗಿಂತ ಕಲ್ಯಾಣಿ ವಾಸಿ ಅಲ್ವಾ. ಜರ್ಮನಿಯಲ್ಲೇ ಜಿಮ್ (ZIM) ಅನ್ನೋ ಚಿಕ್ಕ ಕಂಪನಿಗಳ ಯೋಜನೆ ಇದೆ, ದೇಶ ದೇಶಗಳ ಮಧ್ಯೆ ಯೂರೋಸ್ಟಾರ್ಸ್ ಇದೆ, ಅಲ್ಲಿ ಚುಕ್ಕಾಣಿ ಚಿಕ್ಕ ಕಂಪನಿ ಕೈಲೇ ಇರತ್ತೆ.

ಈ ಅರ್ಜಿನೇ ಸಿಗತ್ತೆ ಅನ್ನೋ ಗ್ಯಾರಂಟಿನೂ ಇಲ್ಲ. ಹೊರೈಜನ್ 2020 ಕಾಲದಲ್ಲಿ ಎಂಟು ಅರ್ಜಿಗೆ ಒಂದು ಅನ್ನೋ ಲೆಕ್ಕ ಇತ್ತು. ಮೂರು ವಿಭಾಗಕ್ಕೆ ಐದೈದು ಅಂಕ, 15ಕ್ಕೆ 10 ಬಂದ್ರೆ ಪಾಸು ಅಂತ ಕಾಗದದ ಮೇಲೆ, ಆದ್ರೆ 14ರ ಹತ್ರ ಬರ್ದೇ ಇದ್ರೆ ದುಡ್ಡು ಸಿಗೋದು ನಾನು ನೋಡಿರೋದು ಕಮ್ಮಿ. ಹಂಗಾಗಿ ಐದು ವಾರ ನೀವೊಬ್ರೇ ರಾತ್ರಿ ನಿದ್ದೆಗೆಟ್ಟು ಅರ್ಜಿ ಬರೀಬೇಡಿ, ನಿಮ್ಮ ಭಾಗದ ಆರೇಳು ಪುಟ ಚೊಕ್ಕವಾಗಿ ಕೊಡಿ ಸಾಕು.

ನಿಮ್ಮ ಜಾಗದಲ್ಲಿ ನಾನಿದ್ರೆ ಈ ವಾರ ಕೋಆರ್ಡಿನೇಟರಿಗೆ ಒಂದೇ ಇಮೇಲ್ ಬರೀತಿದ್ದೆ: ಇದು ಯಾವ ತರದ ಆಕ್ಷನ್ನು, ಲಂಪ್‌ಸಮ್ಮಾ ಅಲ್ವಾ, ಮುಂಗಡ ಬಂದ ದಿನನೇ ಪೂರ್ತಿ ಹಂಚ್ತೀರಾ ಇಲ್ಲಾ ಕಂತಲ್ಲಾ, ನಮ್ಮ ಕೆಲಸ ಬಂದರಿನ ಡೆಮೋಗೆ ನೇರವಾಗಿ ಸೇರೋ ಹಂಗೆ ಬದಲಾಯಿಸ್ಬಹುದಾ, ಫರ್ಮ್‌ವೇರ್ ನಾವು ಬೈನರಿ ಆಗಿ ಕೊಟ್ಟು ಇಂಟರ್‌ಫೇಸ್ ಮಾತ್ರ ತೆರೆದಿಟ್ರೆ ಒಪ್ತೀರಾ ಅಂತ. ಕೊನೇ ಎರಡು ಪ್ರಶ್ನೆಗೆ ಅವ್ರು ಹೆಂಗೆ ಉತ್ತರ ಕೊಡ್ತಾರೆ ನೋಡಿ, ಒಳ್ಳೇ ಕೋಆರ್ಡಿನೇಟರ್ ಆದ್ರೆ ಮಾರನೇ ದಿನ ಫೋನೇ ಮಾಡ್ತಾರೆ. "ಅದೆಲ್ಲ ಆಮೇಲೆ ನೋಡೋಣ, ಮೊದ್ಲು ಫಾರಂಗೆ ಸೈನ್ ಮಾಡಿ ಕಳಿಸಿ" ಅಂದ್ರೆ ಈ ಸಲ ಬಿಟ್ಟು, ಓಪನ್ ಕಾಲ್ ಹುಡುಕಿ. ಆ ಉತ್ತರ ಬಂದ್ಮೇಲೆ ಬ್ಯಾಕ್‌ಗ್ರೌಂಡ್ ಪಟ್ಟಿಯ ಕರಡು ಬೇಕಿದ್ರೆ ನಂಗೆ ಕಳಿಸಿ, ಕಂಪನಿ ಹೆಸರು ತೆಗೆದು ಕಳಿಸಿದ್ರೂ ಪರ್ವಾಗಿಲ್ಲ, ಓದಿ ಹೇಳ್ತೀನಿ.